ನನ್ನ ಚಿಕ್ಕ ಮಿಲ್ಲಿಂಗ್ ಮಷಿನ್ ಮನೆಯಲ್ಲೇ ಸಿಎನ್‌ಸಿ ಆದದ್ದು

ಮಿಲ್ಲಿಂಗ್ ಮಷಿನ್ ಅಂದರೆ ತಿರುಗುವ ಕಟರಿನ ಕೆಳಗೆ ಟೇಬಲ್ ಸರಿಸಿ ಲೋಹ ಕೊರೆಯುವ ಯಂತ್ರ. ಅದರ ಎರಡು ಹ್ಯಾಂಡಲ್ ಅನ್ನು ಎರಡು ಕೈಯಲ್ಲಿ ತಿರುಗಿಸಿ ನೇರ ಗೆರೆ ಕೊರೆಯಬಹುದು, ಚೌಕ ಕೊರೆಯಬಹುದು. ರೋಟರಿ ಟೇಬಲ್ ಇದ್ದರೆ ವೃತ್ತವೂ ಆಗುತ್ತದೆ. ಆದರೆ ವೃತ್ತದಿಂದ ನೇರಕ್ಕೆ, ಅಲ್ಲಿಂದ ಇನ್ನೊಂದು ತಿರುವಿಗೆ ನುಣ್ಣಗೆ ಸೇರಬೇಕಾದ ಆಕಾರ ಬಂದರೆ ಕೈ ಸೋಲುತ್ತದೆ. ನನಗೆ ಬೇಕಾಗಿದ್ದು ಅಂಥದ್ದೇ ಒಂದು ಅಲ್ಯೂಮಿನಿಯಂ ಕ್ಯಾಮ್, ಅಂದರೆ ತಿರುಗುತ್ತಾ ಇನ್ನೊಂದು ಭಾಗವನ್ನು ತಳ್ಳುವ, ಡೊಂಕು ಅಂಚಿನ ಬಿಲ್ಲೆ. ಮೂರು ಸಲ ಮಾಡಿದೆ. ಮೂರನ್ನೂ ಅರ ಹಾಕಿ ತಿದ್ದಿದೆ. ಮೂರೂ ಬೇರೆ ಬೇರೆ ಆಕಾರಕ್ಕೆ ಬಂದವು. ಮೇಜಿನ ಮೇಲೆ ಕೂರುವ ನನ್ನ ಪುಟ್ಟ ಮಿಲ್ಲಿಂಗ್ ಮಷಿನ್‌ಗೆ ಮೋಟಾರ್ ಹಾಕಿಸಿ ಸಿಎನ್‌ಸಿ, ಅಂದರೆ ಕಂಪ್ಯೂಟರ್ ನಡೆಸುವ ಮಷಿನ್, ಮಾಡಲೇಬೇಕು ಅಂತ ಆವತ್ತು ತೀರ್ಮಾನ ಮಾಡಿದೆ.

ಬಿಚ್ಚುವ ಮೊದಲು ಅಳತೆ ತೆಗೆದೆ. ಡಯಲ್ ಗೇಜ್ ಅನ್ನು ಟೇಬಲ್ಲಿನ ಅಂಚಿಗೆ ಮುಟ್ಟಿಸಿ, ಹ್ಯಾಂಡಲ್ ಅನ್ನು ಬಲಕ್ಕೆ ತಿರುಗಿಸಿ ನಿಲ್ಲಿಸಿ, ಮತ್ತೆ ಎಡಕ್ಕೆ ತಿರುಗಿಸಿದೆ. ಹ್ಯಾಂಡಲ್ಲಿನ ಗುರುತು 0.25 ಮಿ.ಮೀ. ದಾಟುವವರೆಗೂ ಗೇಜಿನ ಮುಳ್ಳು ಅಲುಗಲಿಲ್ಲ. ಇದು ಎಕ್ಸ್, ಅಂದರೆ ಎಡ-ಬಲ. ವೈ ಕಡೆ, ಅಂದರೆ ಹಿಂದೆ-ಮುಂದೆ, ಇನ್ನೂ ಜಾಸ್ತಿ, 0.3. ಇದೇ ಬ್ಯಾಕ್‌ಲ್ಯಾಶ್. ಸ್ಕ್ರೂಗೂ ನಟ್ಟಿಗೂ ನಡುವೆ ಇರುವ ಸಡಿಲ. ಕೈಯಲ್ಲಿ ಕೆಲಸ ಮಾಡುವಾಗ ನಾವು ಯಾವಾಗಲೂ ಒಂದೇ ಕಡೆಯಿಂದ ಬಂದು ಅಳತೆಗೆ ನಿಲ್ಲಿಸುತ್ತೇವೆ, ಹಾಗಾಗಿ ಇದು ಅಷ್ಟು ಕಾಡುವುದಿಲ್ಲ. ಕಂಪ್ಯೂಟರ್‌ಗೆ ಆ ಕೈರೂಢಿ ಇಲ್ಲ.

ಸಾಫ್ಟ್‌ವೇರಿನಲ್ಲಿ ಬ್ಯಾಕ್‌ಲ್ಯಾಶ್ ಸರಿದೂಗಿಸುವ ಸೌಲಭ್ಯ ಇದೆ, ಹಳೇ ಸ್ಕ್ರೂಗೇ ಮೋಟಾರ್ ಕಟ್ಟಿದರೆ ಸಾಕಲ್ವಾ ಅಂತ ನನಗೂ ಅನಿಸಿತ್ತು. ಸಾಕಾಗುವುದಿಲ್ಲ. ದಿಕ್ಕು ಬದಲಾದಾಗ ಸಾಫ್ಟ್‌ವೇರ್ ಸ್ವಲ್ಪ ಹೆಚ್ಚಿಗೆ ತಿರುಗಿಸಬಹುದು, ಅಷ್ಟೇ. ಟೇಬಲ್ ಅನ್ನು ಹಿಡಿದು ನಿಲ್ಲಿಸಲು ಅದರ ಕೈಲಿ ಆಗುವುದಿಲ್ಲ. ಕ್ಲೈಂಬ್ ಮಿಲ್ಲಿಂಗ್, ಅಂದರೆ ಕಟರಿನ ಹಲ್ಲು ಸರಿಯುವ ದಿಕ್ಕಿಗೇ ಟೇಬಲ್ ಸರಿಸಿ ಕೊರೆಯುವುದು, ಮಾಡುವಾಗ ಕಟರ್ ಟೇಬಲ್ ಅನ್ನು ತನ್ನ ಕಡೆಗೇ ಎಳೆದುಕೊಳ್ಳುತ್ತದೆ. ಸಡಿಲ ಇದ್ದಷ್ಟೂ ಟೇಬಲ್ ಒಮ್ಮೆಲೇ ಜಿಗಿಯುತ್ತದೆ. ಕಟರ್ ಮುರಿಯಲು ಅಷ್ಟು ಸಾಕು. ಹಾಗಾಗಿ ಎಕ್ಸ್, ವೈ, ಝಡ್ (ಮೇಲೆ-ಕೆಳಗೆ) ಮೂರಕ್ಕೂ 16 ಮಿ.ಮೀ. ವ್ಯಾಸದ, ಒಂದು ಸುತ್ತಿಗೆ 5 ಮಿ.ಮೀ. ಸರಿಯುವ ಬಾಲ್ ಸ್ಕ್ರೂ, ಅಂದರೆ ಹಲ್ಲಿಗೂ ನಟ್ಟಿಗೂ ನಡುವೆ ಗುಂಡುಗಳು ಉರುಳುವ, ಸಡಿಲ ತೀರಾ ಕಮ್ಮಿ ಇರುವ ಸ್ಕ್ರೂ, ತರಿಸಿದೆ. ಇವು 1605 ಅನ್ನುವ ಹೆಸರಿನಲ್ಲಿ ಸಿಗುತ್ತವೆ. ತುದಿಗಳನ್ನು ಬೇರಿಂಗಿಗೆ ಸರಿಯಾಗಿ ಕಡೆಸಿಯೇ ತರಿಸಿದೆ. ಬಾಲ್ ಸ್ಕ್ರೂವಿನ ಮೈ ಗಟ್ಟಿ ಮಾಡಿರುತ್ತಾರೆ, ಮನೆಯ ಲೇತಿನಲ್ಲಿ ಸಾಮಾನ್ಯ ಟೂಲ್ ಇಟ್ಟು ಕಡೆಯುವುದು ಕಷ್ಟ.

ಇನ್ನೊಂದು ಮಾತು. ಮೋಟಾರ್ ಕೂರಿಸುವ ಬ್ರಾಕೆಟ್, ನಟ್ ಹಿಡಿಯುವ ಬ್ಲಾಕ್, ಬೇರಿಂಗಿನ ತಟ್ಟೆ, ಎಲ್ಲವನ್ನೂ ಮಷಿನ್ ಬಿಚ್ಚುವ ಮೊದಲೇ ಅದೇ ಮಷಿನ್‌ನಲ್ಲಿ ಮಾಡಿಟ್ಟುಕೊಳ್ಳಿ. ಬಿಚ್ಚಿದ ಮೇಲೆ ಒಂದು ತೂತು ಹಾಕಬೇಕಾದರೂ ಬೇರೆಯವರ ಬಾಗಿಲು ತಟ್ಟಬೇಕು. ಇಷ್ಟು ಎಚ್ಚರ ವಹಿಸಿದರೂ ನನಗೆ ಒಂದು ಸಲ ಹೋಗಲೇಬೇಕಾಯಿತು. ವೈ ಸ್ಕ್ರೂವಿನ ನಟ್ ಹಳೆಯದಕ್ಕಿಂತ ದಪ್ಪ, ಟೇಬಲ್ ಅನ್ನು ಹೊತ್ತು ಹಿಂದೆ ಮುಂದೆ ಸರಿಯುವ ಸ್ಯಾಡಲ್ಲಿನ ಕೆಳಗೆ ಕೂರಲು ಜಾಗವಿಲ್ಲ. ಸ್ಯಾಡಲ್ಲಿನ ಒಳಮೈಯನ್ನು ಕೊರೆಯಬೇಕು, ಕೊರೆಯುವ ಮಷಿನ್ ನೋಡಿದರೆ ತುಂಡು ತುಂಡಾಗಿ ಮೇಜಿನ ಮೇಲಿದೆ. ಸ್ನೇಹಿತರೊಬ್ಬರ ಮಷಿನ್‌ನಲ್ಲಿ ಒಂದು ಮಧ್ಯಾಹ್ನ ಆ ಕೆಲಸ ಮುಗಿಸಿದೆ. ಬೀಡಿನ (ಎರಕದ ಕಬ್ಬಿಣದ) ಧೂಳು ಕಾಡಿಗೆಯ ಹಾಗೆ. ಎಲ್ಲ ಸಂದಿಗೂ ಹೋಗುತ್ತದೆ, ಎಣ್ಣೆ ಜೊತೆ ಸೇರಿದರೆ ಸಾಣೆಯ ಪೇಸ್ಟ್ ಆಗುತ್ತದೆ. ಜೋಡಿಸುವ ಮುಂಚೆ ಸೀಮೆಎಣ್ಣೆಯಲ್ಲಿ ಎರಡು ಸಲ ತೊಳೆದೆ.

ಬಿಚ್ಚಿಟ್ಟಿದ್ದಾಗಲೇ ಗಿಬ್‌ಗಳ ಕೆಲಸವನ್ನೂ ಹಿಡಿದೆ. ಟೇಬಲ್ ಜಾರುವ, ಓರೆ ಪಕ್ಕಗಳಿರುವ ಹಾದಿಯಾದ ಡವ್‌ಟೇಲ್‌ನ ಒಂದು ಪಕ್ಕಕ್ಕೆ ಕೂರುವ ಈ ಪಟ್ಟಿಯೇ ಟೇಬಲ್ ಆಚೀಚೆ ಅಲುಗದ ಹಾಗೆ ನೋಡಿಕೊಳ್ಳುವುದು. ನೀಲಿ ಬಣ್ಣ ಸವರಿ, ಉಜ್ಜಿ ನೋಡಿದರೆ ಪಟ್ಟಿ ಎರಡು ತುದಿಯಲ್ಲಿ ಮಾತ್ರ ತಾಗುತ್ತಿತ್ತು. ನಡುವೆ ಪೂರ್ತಿ ಖಾಲಿ. ದಪ್ಪ ಗಾಜಿನ ಮೇಲೆ ಸಣ್ಣ ಎಮರಿ ಕಾಗದ ಅಂಟಿಸಿ, ಎಣ್ಣೆ ಹಾಕಿ, ಉಜ್ಜುವುದು, ಒರೆಸುವುದು, ನೀಲಿ ಹಚ್ಚಿ ನೋಡುವುದು. ಎರಡು ಸಂಜೆ ಹಿಡಿಯಿತು. ಕೊನೆಗೆ ಪಟ್ಟಿಯ ಉದ್ದಕ್ಕೂ ಚುಕ್ಕಿ ಚುಕ್ಕಿಯಾಗಿ ನೀಲಿ ಹತ್ತಿತು. ಈ ಇಡೀ ಕೆಲಸದಲ್ಲಿ ಖರ್ಚೇ ಇಲ್ಲದೆ ಅತಿ ಹೆಚ್ಚು ಲಾಭ ಕೊಟ್ಟ ಭಾಗ ಇದು.

ಬಾಲ್ ನಟ್ ವಿಷಯದಲ್ಲಿ ಒಂದು ಪೆಟ್ಟು ತಿಂದೆ. ಎಕ್ಸ್ ಸ್ಕ್ರೂವಿನಲ್ಲಿ ನಟ್ ಉಲ್ಟಾ ದಿಕ್ಕಿಗೆ ಕೂತಿತ್ತು. ತಿರುಗಿಸಿ ಹಾಕೋಣ ಅಂತ ತುದಿಯವರೆಗೆ ಸರಿಸಿ ಹೊರಗೆ ಎಳೆದೆ. ಟಪಟಪ ಅಂತ ಗುಂಡುಗಳು ನೆಲಕ್ಕೆ. ಒಂದೊಂದೂ 3 ಮಿ.ಮೀ. ಚಿಲ್ಲರೆ, ಬೀರುವಿನ ಅಡಿಗೆ ಉರುಳಿದವನ್ನು ಅಯಸ್ಕಾಂತ ಹಿಡಿದು ಹುಡುಕಿದೆ. ಮತ್ತೆ ತುಂಬಲು ನಟ್ಟಿನ ಹಾದಿಗೆ ಗ್ರೀಸ್ ಸವರಿ, ಚಿಮಟಿಗೆಯಲ್ಲಿ ಒಂದೊಂದೇ ಗುಂಡು ಕೂರಿಸಬೇಕು. ಸ್ಕ್ರೂವಿನ ಹಲ್ಲಿನ ಬುಡದಷ್ಟೇ, ಅದಕ್ಕಿಂತ ಕೂದಲೆಳೆ ಕಮ್ಮಿ ದಪ್ಪದ ಒಂದು ಕೊಳವೆ ಮಾಡಿಕೊಂಡೆ. ನಟ್ಟನ್ನು ಆ ಕೊಳವೆಯ ಮೇಲೆ ಇಟ್ಟು, ಕೊಳವೆಯನ್ನು ಸ್ಕ್ರೂವಿನ ತುದಿಗೆ ಒತ್ತಿ ಹಿಡಿದು, ನಿಧಾನಕ್ಕೆ ತಿರುಗಿಸಿದರೆ ನಟ್ ಸ್ಕ್ರೂಗೆ ದಾಟಿಕೊಳ್ಳುತ್ತದೆ. ಈ ಕೊಳವೆಯನ್ನು ಮೊದಲೇ ಮಾಡಿಕೊಂಡಿದ್ದರೆ ಒಂದು ಗುಂಡೂ ಬೀಳುತ್ತಿರಲಿಲ್ಲ.

ಈಗ ನನ್ನ ಪಾಲಿಗೆ ಎಲ್ಲಕ್ಕಿಂತ ಮುಖ್ಯವಾದ ಭಾಗಕ್ಕೆ ಬರುತ್ತೇನೆ. ಸ್ಕ್ರೂ ಮತ್ತು ಟೇಬಲ್ ಸರಿಯುವ ಹಾದಿ ಒಂದಕ್ಕೊಂದು ಸಮಾನಾಂತರ ಇರಬೇಕು, ಮೇಲೆ ಕೆಳಗೂ, ಅಕ್ಕ ಪಕ್ಕವೂ. ಸ್ವಲ್ಪ ಓರೆಯಾದರೂ ನಡುವೆ ಹಗುರವಾಗಿ ತಿರುಗಿ, ತುದಿಗೆ ಬಂದಾಗ ಬಿಗಿಯುತ್ತದೆ. ಕೈಗೆ ಗೊತ್ತಾಗುತ್ತದೆ, ಆದರೆ ಎಷ್ಟು ಅಂತ ಕೈ ಹೇಳುವುದಿಲ್ಲ. ನಾನು ಸ್ಕ್ರೂವಿನ ತುದಿಗೆ 100 ಮಿ.ಮೀ. ಉದ್ದದ ಒಂದು ಪಟ್ಟಿ ಬಿಗಿದು, ಅದರ ತುದಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆದೆ. ಟೇಬಲ್ ನಡುವೆ ಇದ್ದಾಗ 300 ಗ್ರಾಂಗೆ ತಿರುಗಿತು. ಎಡ ತುದಿಯಲ್ಲಿ 700.

ಬೋಲ್ಟುಗಳನ್ನೆಲ್ಲ ಸಡಿಲ ಮಾಡಿ, ನಟ್ಟನ್ನು ಬಲಗಡೆಯ ಬೇರಿಂಗಿನ ಪಕ್ಕಕ್ಕೇ ತಂದು, ಅಲ್ಲಿ ಬೇರಿಂಗ್ ಬಿಗಿದೆ. ಹತ್ತಿರ ಇದ್ದಾಗ ನಟ್ಟೇ ಬೇರಿಂಗಿಗೆ ಜಾಗ ತೋರಿಸುತ್ತದೆ. ಆಮೇಲೆ ಎಡ ತುದಿಗೆ ಸರಿಸಿ ಹಾಗೇ ಮಾಡಿದೆ. ತಕ್ಕಡಿ 450ಕ್ಕೆ ಇಳಿಯಿತು, ಇನ್ನೂ ಇಳಿಯಲಿಲ್ಲ. ಅಂದರೆ ಎತ್ತರದಲ್ಲಿ ವ್ಯತ್ಯಾಸ ಇದೆ. ಎಡ ಬೇರಿಂಗಿನ ಕೆಳಗೆ 0.05 ಮಿ.ಮೀ. ದಪ್ಪದ ತಗಡಿನ ಚೂರು, ಅಂದರೆ ಶಿಮ್, ಇಟ್ಟೆ, 380. ಇನ್ನೊಂದು ಶಿಮ್ ಇಟ್ಟೆ. ಈ ತುದಿಯಿಂದ ಆ ತುದಿಗೆ ಎಲ್ಲಿ ಎಳೆದರೂ 300ರ ಆಸುಪಾಸು. ಆವತ್ತು ರಾತ್ರಿ ಬರೀ ಬೆರಳಲ್ಲಿ ಟೇಬಲ್ ಅನ್ನು ಆಚೆ ಈಚೆ ಓಡಿಸುತ್ತಾ ಸುಮ್ನೆ ಕೂತಿದ್ದೆ. ಅಷ್ಟು ಖುಷಿ ಆಗಿತ್ತು.

ಒಂದು ತುದಿಗೆ ಮಾತ್ರ ಸ್ಕ್ರೂವಿನ ಉದ್ದಕ್ಕೆ ಬರುವ ಒತ್ತಡ ತಾಳುವ ಆ್ಯಂಗ್ಯುಲರ್ ಕಾಂಟ್ಯಾಕ್ಟ್ ಬೇರಿಂಗ್ ಜೋಡಿ, ಇನ್ನೊಂದು ತುದಿ ಬಿಸಿಗೆ ಹಿಗ್ಗಲು ಬಿಟ್ಟ ಸಾಮಾನ್ಯ ಬೇರಿಂಗ್. ಜೋಡಿಯ ಲಾಕ್‌ನಟ್ ಸರಿಯಾಗಿ ಬಿಗಿಯದಿದ್ದರೆ ಬಾಲ್ ಸ್ಕ್ರೂ ಹಾಕಿದ್ದೂ ವ್ಯರ್ಥ, ಸ್ಕ್ರೂ ಪೂರ್ತಿ ಹಿಂದೆ ಮುಂದೆ ಆಡುತ್ತದೆ. ಎಲ್ಲ ಮುಗಿದ ಮೇಲೆ ಎಕ್ಸ್ ಬ್ಯಾಕ್‌ಲ್ಯಾಶ್ 0.02ಕ್ಕೆ ಬಂತು. ವೈ 0.03.

ವಿದ್ಯುತ್ತಿನ ಕೆಲಸ ಒಂದು ವಾರದಲ್ಲಿ ಮುಗಿಯಿತು. ಹೆಜ್ಜೆ ಹೆಜ್ಜೆಯಾಗಿ ತಿರುಗುವ ಮೂರು ಸ್ಟೆಪ್ಪರ್ ಮೋಟಾರ್ (ನೆಮಾ 23 ಅಳತೆಯವು), ಅವಕ್ಕೆ ಕರೆಂಟ್ ಕೊಡುವ ಮೂರು ಡ್ರೈವರ್, 36 ವೋಲ್ಟಿನ ಒಂದು ಪವರ್ ಸಪ್ಲೈ, ಪ್ಯಾರಲಲ್ ಪೋರ್ಟ್ ಇರುವ ಹಳೇ ಕಂಪ್ಯೂಟರ್, ಅದರಲ್ಲಿ ಮೋಟಾರ್ ನಡೆಸುವ ಸಾಫ್ಟ್‌ವೇರ್ ಲಿನಕ್ಸ್‌ಸಿಎನ್‌ಸಿ. ಮೋಟಾರ್ ಒಂದು ಸುತ್ತಿಗೆ 200 ಹೆಜ್ಜೆ. ಡ್ರೈವರ್ ಒಂದೊಂದು ಹೆಜ್ಜೆಯನ್ನೂ 8 ಭಾಗ ಮಾಡುತ್ತದೆ, ಅಲ್ಲಿಗೆ 1600. ಅದನ್ನು 5 ಮಿ.ಮೀ.ಗೆ ಹಂಚಿದರೆ ಮಿಲಿಮೀಟರಿಗೆ 320. ಈ ಸಂಖ್ಯೆ ನೆನಪಿರಲಿ, ಮುಂದೆ ಬೇಕಾಗುತ್ತದೆ. ಲಿಮಿಟ್ ಸ್ವಿಚ್‌ಗಳನ್ನು (ಟೇಬಲ್ ಹಾದಿಯ ತುದಿ ಮುಟ್ಟಿದರೆ ಮಷಿನ್ ನಿಲ್ಲಿಸುವ ಸ್ವಿಚ್) ಮಾಮೂಲಿಯಾಗಿ ಮುಚ್ಚಿರುವ, ಅಂದರೆ ಸದಾ ಕರೆಂಟ್ ಹರಿಯುವ, ರೀತಿಯಲ್ಲೇ ಜೋಡಿಸಿ. ತಂತಿ ಕಡಿದರೂ ಮಷಿನ್ ನಿಲ್ಲುತ್ತದೆ. ಎಮರ್ಜೆನ್ಸಿ ಬಟನ್ ಕಟರ್ ತಿರುಗಿಸುವ ಸ್ಪಿಂಡಲ್ಲನ್ನೂ ನಿಲ್ಲಿಸುವಂತಿರಲಿ. ಡ್ರೈವರಿಗೆ ಕರೆಂಟ್ ಇರುವಾಗ ಮೋಟಾರಿನ ಪ್ಲಗ್ ಕೀಳಬೇಡಿ, ಡ್ರೈವರ್ ಸುಟ್ಟುಹೋಗಬಹುದು.

ಮೋಟಾರ್ ತಿರುಗಿದ ದಿನವೇ ಕೆಲಸ ಮುಗಿಯಿತು ಅಂದುಕೊಂಡಿದ್ದೆ. ಆಮೇಲೆ ಎರಡು ತೊಂದರೆ ಕಾಣಿಸಿದವು, ಎರಡೂ ನನಗೆ ಬಹಳ ಕಲಿಸಿದವು.

ಮೊದಲನೆಯದು ಎಕ್ಸ್‌ನಲ್ಲಿ. ಸೊನ್ನೆಯಿಂದ ಹೊರಟು, ಹೋಗಿ ಬಂದು, ಮತ್ತೆ ಸೊನ್ನೆಗೆ ಬಂದರೆ ಗೇಜ್ ಸರಿಯಾಗೇ ತೋರಿಸುತ್ತಿತ್ತು. ಉದ್ದನೆಯ ಕೆಲಸ ಕೊಟ್ಟರೆ ಮಾತ್ರ ಕೊನೆಗೆ ಜಾಗ ತಪ್ಪುತ್ತಿತ್ತು. ಸ್ಪಿಂಡಲ್ ಆಫ್ ಮಾಡಿ, ಬರೀ ಗಾಳಿಯಲ್ಲಿ 50 ಸಲ ಹೋಗಿ ಬರಲು ಬಿಟ್ಟೆ. ಗೇಜ್ 0.16 ತೋರಿಸಿತು. 100 ಸಲಕ್ಕೆ 0.31. ಇಷ್ಟು ಕ್ರಮವಾಗಿ ಬೆಳೆಯುವ ತಪ್ಪು ಸಡಿಲದಿಂದ ಬರುವುದಿಲ್ಲ. 1 ಮಿ.ಮೀ.ಯನ್ನು 320ರಿಂದ ಭಾಗಿಸಿದೆ: 0.003125. ಐವತ್ತರಿಂದ ಗುಣಿಸಿದರೆ 0.156. ಅಂದರೆ ಪ್ರತಿ ಸಲ ಹೋಗಿ ಬಂದಾಗ ಸರಿಯಾಗಿ ಒಂದೇ ಒಂದು ಪುಟ್ಟ ಹೆಜ್ಜೆ ತಪ್ಪುತ್ತಿದೆ! ದಿಕ್ಕು ಬದಲಿಸುವ ಸಂಕೇತವೂ ಹೆಜ್ಜೆಯ ಸಂಕೇತವೂ ಒಂದೇ ಕ್ಷಣಕ್ಕೆ ಬಂದು, ಡ್ರೈವರ್ ಒಂದು ಹೆಜ್ಜೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಟ್ಟುಬಿಡುತ್ತಿತ್ತು. ಸೆಟ್ಟಿಂಗ್‌ನಲ್ಲಿ ಹೆಜ್ಜೆಯ ಸಂಕೇತವನ್ನು ತಲೆಕೆಳಗು ಮಾಡಿ, ದಿಕ್ಕು ಮತ್ತು ಹೆಜ್ಜೆಯ ನಡುವಿನ ಸಮಯ ಹೆಚ್ಚಿಸಿದೆ. ಮತ್ತೆ 100 ಸಲ ಓಡಿಸಿದೆ. ಮುಳ್ಳು ಸೊನ್ನೆಯ ಮೇಲೇ ಬಂದು ನಿಂತಿತು.

ಎರಡನೆಯದು ಝಡ್‌ನಲ್ಲಿ. ಇಲ್ಲಿ ತಪ್ಪು ಕ್ರಮವಾಗಿ ಬೆಳೆಯುತ್ತಿರಲಿಲ್ಲ. ಹತ್ತು ಸಲ ಸರಿ ಇದ್ದು, ಇದ್ದಕ್ಕಿದ್ದ ಹಾಗೆ 0.1 ತಗ್ಗು. ಇನ್ನೊಮ್ಮೆ 0.2. ಯಾವತ್ತೂ 0.06 ಅಂತಲೋ 0.13 ಅಂತಲೋ ಬರಲಿಲ್ಲ. ಈ ಮಾದರಿಯ ಸ್ಟೆಪ್ಪರ್ ಮೋಟಾರಿನ ರೋಟರ್‌ಗೆ 50 ಹಲ್ಲು ಇರುತ್ತವೆ. ಭಾರ ತಾಳದೆ ಜಾರಿದರೆ ಅದು ಪೂರ್ತಿ ಒಂದು ಹಲ್ಲು ಜಾರುತ್ತದೆ, ಅಂದರೆ ಸುತ್ತಿನ ಐವತ್ತನೇ ಒಂದು ಭಾಗ. 5 ಮಿ.ಮೀ.ಯಲ್ಲಿ ಐವತ್ತನೇ ಒಂದು ಭಾಗ 0.1. ಲೆಕ್ಕ ಕೂಡಿದ ತಕ್ಷಣ ತಂತಿ, ಸಂಕೇತ, ಸಾಫ್ಟ್‌ವೇರ್ ಎಲ್ಲ ಬಿಟ್ಟೆ. ಮಷಿನ್‌ನ ತಲೆಯನ್ನು, ಅಂದರೆ ಸ್ಪಿಂಡಲ್ ಹೊತ್ತು ಮೇಲೆ ಕೆಳಗೆ ಸರಿಯುವ ಭಾಗವನ್ನು, ಎತ್ತಲಾರದೆ ಮೋಟಾರ್ ಜಾರುತ್ತಿದೆ, ಬೇರೆ ಏನೂ ಅಲ್ಲ.

ಹಳೇ ಸ್ಕ್ರೂವಿನಲ್ಲಿ ತಲೆ ತಾನಾಗೇ ಇಳಿಯುತ್ತಿರಲಿಲ್ಲ, ಉಜ್ಜಾಟವೇ ಹಿಡಿದಿಡುತ್ತಿತ್ತು. ಬಾಲ್ ಸ್ಕ್ರೂವಿನಲ್ಲಿ ಉಜ್ಜಾಟ ತೀರಾ ಕಮ್ಮಿ. ಕರೆಂಟ್ ಹೋದರೆ ತಲೆ ಮೆಲ್ಲಗೆ ಕೆಳಗಿಳಿದು ಕಟರನ್ನು ಕೆಲಸದ ಮೇಲೆ ಕೂರಿಸಿಬಿಡುತ್ತದೆ. ನನ್ನದರ ತಲೆಯ ತೂಕ ಹತ್ತಿರ ಹತ್ತಿರ 20 ಕೆಜಿ, ಅಂದರೆ ಸುಮಾರು 200 ನ್ಯೂಟನ್. ತಲೆ ಸರಿಯುವ ಕಂಬದ (ಕಾಲಂ) ಎರಡೂ ಪಕ್ಕ 100 ನ್ಯೂಟನ್‌ನ ಒಂದೊಂದು ಗ್ಯಾಸ್ ಸ್ಪ್ರಿಂಗ್ ಹಾಕಿದೆ. ಕಾರಿನ ಹಿಂಬಾಗಿಲನ್ನು ಎತ್ತಿ ಹಿಡಿಯುತ್ತದಲ್ಲ, ಅದೇ ಜಾತಿಯದು. ಝಡ್ ವೇಗವನ್ನೂ ಸ್ವಲ್ಪ ಇಳಿಸಿದೆ, ಯಾಕೆಂದರೆ ವೇಗ ಹೆಚ್ಚಿದಷ್ಟೂ ಸ್ಟೆಪ್ಪರ್ ಬಲ ಕಳೆದುಕೊಳ್ಳುತ್ತದೆ. ಆಮೇಲೆ ಝಡ್ ಒಂದು ಸಲವೂ ಜಾರಿಲ್ಲ. ಈಗ ಕರೆಂಟ್ ತೆಗೆದರೂ ತಲೆ ಇದ್ದಲ್ಲೇ ನಿಲ್ಲುತ್ತದೆ.

ಇದಾದ ಮೇಲೆ ಮೊದಲ ನಿಜವಾದ ಪರೀಕ್ಷೆ, ಅಲ್ಯೂಮಿನಿಯಂನಲ್ಲಿ 50 ಮಿ.ಮೀ.ಯ ಒಂದು ವೃತ್ತ. 6 ಮಿ.ಮೀ. ಕಟರ್, ಎರಡು ಹಲ್ಲು, ನಿಮಿಷಕ್ಕೆ 2500 ಸುತ್ತು, ಹಲ್ಲಿಗೆ 0.03 ಮಿ.ಮೀ., ಅಂದರೆ ನಿಮಿಷಕ್ಕೆ 150 ಮಿ.ಮೀ. ಫೀಡ್ (ಟೇಬಲ್ ಸರಿಯುವ ವೇಗ). ಮೈಕ್ರೋಮೀಟರ್ ಹಿಡಿದು ನಾಲ್ಕು ಕಡೆ ಅಳೆದೆ. ಎಕ್ಸ್ ಉದ್ದಕ್ಕೆ 50.01, ವೈ ಉದ್ದಕ್ಕೆ 50.02. ಓರೆಯಲ್ಲಿ ಒಂದು ಕಡೆ 50.03, ಇನ್ನೊಂದು ಕಡೆ 50.01. ಓರೆಯ ಎರಡು ಅಳತೆಗಳು ಬೇರೆ ಬಂದರೆ ಎಕ್ಸ್ ಮತ್ತು ವೈ ಪೂರ್ತಿ ಲಂಬವಾಗಿಲ್ಲ ಅಂತ ಅರ್ಥ. ಅದು ಮಷಿನ್‌ನಲ್ಲಿ ಮೊದಲಿನಿಂದಲೇ ಬಂದದ್ದು, ನನ್ನ ಕೆಲಸಕ್ಕೆ ಅಷ್ಟು ನಡೆಯುತ್ತದೆ.

ಮಾರನೇ ದಿನ ಕ್ಯಾಮ್ ಕೊರೆದೆ. ಒಂದಾದ ಮೇಲೆ ಇನ್ನೊಂದು, ಒಂದೇ ಪ್ರೋಗ್ರಾಂನಲ್ಲಿ. ಎರಡನ್ನೂ ಒಂದೇ ಪಿನ್ನಿಗೆ ಪೋಣಿಸಿ ಬೆಳಕಿಗೆ ಹಿಡಿದೆ. ಸುತ್ತಲೂ ಒಂದೇ ಅಂಚು. ಅರ ಮುಟ್ಟಿಸಿಲ್ಲ. ಉಗುರು ಓಡಿಸಿದರೆ ಎರಡರಲ್ಲೂ ಒಂದೇ ಜಾಗದಲ್ಲಿ ಚೂರೇ ಚೂರು ತಡೆಯುತ್ತದೆ. ಡ್ರಾಯಿಂಗ್ ತೆಗೆದು ನೋಡಿದೆ. ವೈ ದಿಕ್ಕು ಬದಲಾಗುವುದು ಸರಿಯಾಗಿ ಅಲ್ಲೇ. ಉಳಿದಿರುವ ಆ 0.03 ಅದು. ಈ ವಾರ ವೈ ಬೇರಿಂಗಿನ ಲಾಕ್‌ನಟ್ ಮತ್ತೊಮ್ಮೆ ಬಿಚ್ಚುತ್ತೇನೆ.