ಪಿಕಪ್ ವಾಹನದ ಬ್ರೇಕ್ ಆಯಿಲ್: ಆರೈಕೆ ಮತ್ತು ಬದಲಾವಣೆ

ಹೊರೆ ಹೊತ್ತು ಇಳಿಜಾರಿನಲ್ಲಿ ಸಾಗುವ ಪಿಕಪ್ ವಾಹನದ ಬ್ರೇಕ್‌ಗಳು ವಿಪರೀತ ಕಾಯುವುದರಿಂದ ಬ್ರೇಕ್ ಆಯಿಲ್‌ನ ಸ್ಥಿತಿಯನ್ನು ಕಡೆಗಣಿಸುವಂತಿಲ್ಲ. ಈ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ; ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಕುದಿಬಿಂದುವಿರಬೇಕಾದ ಡಾಟ್ 4 ದರ್ಜೆಯ ಆಯಿಲ್, ತೇವ ಸೇರಿದ ಮೇಲೆ 155 ಡಿಗ್ರಿಯ ಆಸುಪಾಸಿನಲ್ಲೇ ಕುದಿಯಬಹುದು. ಆಗ ಹುಟ್ಟುವ ಆವಿ ಒತ್ತಡಕ್ಕೆ ಕುಗ್ಗುವುದರಿಂದ, ಪೆಡಲ್ ನೆಲ ಮುಟ್ಟಿದರೂ ಬ್ರೇಕ್ ಹಿಡಿಯುವುದಿಲ್ಲ. ಕೈಪಿಡಿ ಹೇಳುವ ಅವಧಿಗೆ, ಸಾಮಾನ್ಯವಾಗಿ 2 ವರ್ಷಕ್ಕೊಮ್ಮೆ, ಅದನ್ನು ಬದಲಿಸಲೇಬೇಕು.

ವಾಹನವನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಪೆಡಲಿನ ಒತ್ತಡವನ್ನು ಆಯಿಲಿಗೆ ದಾಟಿಸುವ ಮಾಸ್ಟರ್ ಸಿಲಿಂಡರ್ ಮೇಲಿನ ಡಬ್ಬಿಯಿಂದ ಹಳೆಯ ಆಯಿಲನ್ನು ಸಿರಿಂಜಿನಿಂದ ಹೀರಿ ತೆಗೆದು, ಮುಚ್ಚಳದ ಮೇಲೆ ನಮೂದಿಸಿದ ದರ್ಜೆಯ, ಆಗಷ್ಟೇ ತೆರೆದ ಆಯಿಲನ್ನು ತುಂಬಬೇಕು. ಕೈಪಿಡಿ ಬೇರೆ ಕ್ರಮ ಹೇಳದಿದ್ದರೆ ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರದಿಂದ ಆರಂಭಿಸಿ, ಚಕ್ರದ ಬ್ರೇಕಿನಿಂದ ಆಯಿಲ್ ಹೊರಬಿಡುವ ತಿರುಪಾದ ಬ್ಲೀಡರ್ ನಿಪ್ಪಲ್‌ಗೆ ಪಾರದರ್ಶಕ ಪೈಪ್ ಸಿಕ್ಕಿಸಿ, ಅದರ ತುದಿಯನ್ನು ಸ್ವಲ್ಪ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಬೇಕು. ಒಬ್ಬರು ಪೆಡಲನ್ನು ನಿಧಾನವಾಗಿ ಒತ್ತುವಾಗ ಮತ್ತೊಬ್ಬರು ನಿಪ್ಪಲ್ ಸಡಿಲಿಸಬೇಕು. ಅದನ್ನು ಮತ್ತೆ ಬಿಗಿಯುವ ಮುನ್ನ ಪೆಡಲ್ ಬಿಟ್ಟರೆ ಗಾಳಿ ಒಳಸೇರುತ್ತದೆ. ಗುಳ್ಳೆಗಳಿಲ್ಲದ ತಿಳಿ ಆಯಿಲ್ ಬರುವವರೆಗೆ ಹೀಗೆ ಮುಂದುವರಿಸಬೇಕು. ನಡುವೆ ಡಬ್ಬಿ ಬರಿದಾಗಕೂಡದು.

ಹಲವು ಪಿಕಪ್‌ಗಳ ಹಿಂದಿನ ಆಕ್ಸಲ್ ಬಳಿ ಹೊರೆಗೆ ತಕ್ಕಂತೆ ಒತ್ತಡ ಹೊಂದಿಸುವ ವಾಲ್ವ್ ಇರುತ್ತದೆ. ಚಾಸಿಯನ್ನು ಎತ್ತಿ ಆಕ್ಸಲ್ ಜೋತುಬೀಳುವಂತಾದರೆ ಅದು ಹಿಂದಿನ ಹರಿವನ್ನು ತಗ್ಗಿಸಬಹುದಾದ್ದರಿಂದ, ಆಕ್ಸಲ್‌ನ ಅಡಿಗೇ ಆಧಾರ ಕೊಡುವುದು ಲೇಸು; ಅನೇಕರು ಮರೆಯುವ ಅಂಶವಿದು.

ಬಣ್ಣದ ಮೇಲೆ ಚೆಲ್ಲಿದ ಆಯಿಲನ್ನು ಕೂಡಲೇ ನೀರಿನಿಂದ ತೊಳೆಯಬೇಕು. ಪೆಡಲ್ ಗಟ್ಟಿಯಾಗಿದೆಯೆಂದು ಖಚಿತವಾಗುವವರೆಗೆ ವಾಹನವನ್ನು ರಸ್ತೆಗೆ ಇಳಿಸಬಾರದು.