ಆ ಒಂದು ರಾತ್ರಿ ಎಲ್ಲಿ ಹೋಯಿತು?

ಶಿರಸಿ ಹತ್ತಿರ ನಮ್ಮ ಭಾವನದೊಂದು ಹೋಮ್‌ಸ್ಟೇ ಇದೆ. ಅದಕ್ಕೆ ಜಾವಾಸ್ಕ್ರಿಪ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ಸಣ್ಣ ಬುಕಿಂಗ್ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಬಂದ ತಾರೀಖು, ಹೋಗುವ ತಾರೀಖು ಹಾಕಿದರೆ ಎಷ್ಟು ರಾತ್ರಿ ಅಂತ ಲೆಕ್ಕ ಮಾಡಿ ಬಿಲ್ ಕೊಡುತ್ತಿತ್ತು. ಎರಡು ವರ್ಷ ಒಂದೂ ದೂರು ಬರಲಿಲ್ಲ. ಅದೇ ಧೈರ್ಯದಲ್ಲಿ, ನ್ಯೂಜೆರ್ಸಿಯಲ್ಲಿ ರೂಮು ಬಾಡಿಗೆಗೆ ಕೊಡುವ ಗೆಳೆಯನಿಗೂ ಅದನ್ನೇ ಕೊಟ್ಟೆ.

2024ರ ಮಾರ್ಚ್‌ನಲ್ಲಿ ಅವನ ಫೋನ್ ಬಂತು. "ಮಾರಾಯ, ಎಂಟಕ್ಕೆ ಬಂದು ಹನ್ನೆರಡಕ್ಕೆ ಹೋದವರಿಗೆ ಮೂರೇ ರಾತ್ರಿ ತೋರಿಸ್ತಿದೆ. ನಾಲ್ಕು ಅಲ್ವಾ?"

ಬೆರಳು ಮಡಚಿ ಎಣಿಸಿದೆ. ನಾಲ್ಕೇ. ನನ್ನ ಲ್ಯಾಪ್‌ಟಾಪ್‌ನಲ್ಲಿ ಅದೇ ತಾರೀಖು ಹಾಕಿದೆ. ಇಲ್ಲೂ ನಾಲ್ಕೇ! ನೀನೇ ತಾರೀಖು ತಪ್ಪು ಹಾಕಿರಬೇಕು ಅಂತ ಅವನಿಗೇ ಬೈದೆ.

ತಪ್ಪು ನನ್ನದೇ ಆಗಿತ್ತು. ನಾನು ಎರಡೂ ತಾರೀಖಿನ ಮಧ್ಯರಾತ್ರಿ ಹಿಡಿದು, ಒಂದರಿಂದ ಒಂದು ಕಳೆದು, ಬಂದ ಮಿಲಿಸೆಕೆಂಡನ್ನು 8,64,00,000ದಿಂದ (24 ಗಂಟೆಯ ಮಿಲಿಸೆಕೆಂಡು) ಭಾಗಿಸಿ, ಮ್ಯಾಥ್.ಫ್ಲೋರ್ ಹಾಕಿದ್ದೆ, ಅಂದರೆ ಬಿಂದುವಿನ ಆಚೆಯದ್ದನ್ನು ಬಿಟ್ಟುಬಿಡುವ ಆಜ್ಞೆ. ದಿನಕ್ಕೆ 24 ಗಂಟೆ ತಾನೇ? ನಮ್ಮಲ್ಲಿ ಹೌದು. ಆದರೆ ಅಮೆರಿಕದ ಬಹುಪಾಲು ಕಡೆ ಮಾರ್ಚ್ 10ರ ಭಾನುವಾರ ನಸುಕಿನಲ್ಲಿ, ಅಲ್ಲಿ ಪ್ರತಿ ವರ್ಷ ಮಾಡುವ ಹಾಗೆ, ಗಡಿಯಾರವನ್ನು ಒಂದು ಗಂಟೆ ಮುಂದೆ ತಳ್ಳಿದ್ದರು. ಆ ದಿನಕ್ಕೆ 23 ಗಂಟೆ. ನಾಲ್ಕು ದಿನಕ್ಕೆ 96ರ ಬದಲು 95. ಭಾಗಿಸಿದರೆ 3.96. ಫ್ಲೋರ್ ಅದನ್ನು ಕತ್ತರಿಸಿ 3 ಮಾಡಿತ್ತು. ಶಿರಸಿಯಲ್ಲಿ ಕೂತು ನೂರು ವರ್ಷ ಟೆಸ್ಟ್ ಮಾಡಿದ್ದರೂ ಇದು ಸಿಗುತ್ತಿರಲಿಲ್ಲ.

ಫ್ಲೋರ್ ತೆಗೆದು, ಹತ್ತಿರದ ಪೂರ್ಣಸಂಖ್ಯೆ ಕೊಡುವ ರೌಂಡ್ ಹಾಕಿದರೆ ಉತ್ತರ ಸರಿ ಬರುತ್ತದೆ. ಮೊದಲು ಅದನ್ನೇ ಮಾಡಿದೆ. ಆದರೆ ಮನಸ್ಸು ಒಪ್ಪಲಿಲ್ಲ. ನನಗೆ ಬೇಕಾದದ್ದು ಗಂಟೆಯೇ ಅಲ್ಲ, ಕ್ಯಾಲೆಂಡರಿನ ಚೌಕಗಳ ಲೆಕ್ಕ. ಹಾಗಾಗಿ ವರ್ಷ, ತಿಂಗಳು, ದಿನ ಮೂರನ್ನೂ ಬಿಡಿಯಾಗಿ ತೆಗೆದು ಡೇಟ್.ಯುಟಿಸಿಗೆ ಕೊಟ್ಟೆ. ಅದು ತಾರೀಖನ್ನು ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯದಲ್ಲಿ, ಲೆಕ್ಕ ಹಾಕುತ್ತದೆ. ಯುಟಿಸಿಯಲ್ಲಿ ಗಡಿಯಾರ ಹಿಂದೆ ಮುಂದೆ ಮಾಡುವ ಪದ್ಧತಿ ಇಲ್ಲ, ಜಾವಾಸ್ಕ್ರಿಪ್ಟ್ ಲೆಕ್ಕದಲ್ಲಿ ಎಲ್ಲ ದಿನಕ್ಕೂ ಅದೇ 8,64,00,000. ಈಗ ಕಳೆದು ಭಾಗಿಸಿದರೆ ಪೂರ್ಣಸಂಖ್ಯೆಯೇ ಬರುತ್ತದೆ. (ಜಾವಾಸ್ಕ್ರಿಪ್ಟ್‌ನಲ್ಲಿ ತಿಂಗಳು ಸೊನ್ನೆಯಿಂದ ಶುರು. ಮಾರ್ಚ್ ಅಂದರೆ 2. ಇದಕ್ಕೆ ನಾನು ಇನ್ನೂ ಒಗ್ಗಿಕೊಂಡಿಲ್ಲ.)

ಅಲ್ಲಿಗೇ ಮುಗಿಯಲಿಲ್ಲ. '2024-03-08' ಅಂತ ಬರಹದಲ್ಲಿ ಕೊಟ್ಟರೆ ಜಾವಾಸ್ಕ್ರಿಪ್ಟ್ ಅದನ್ನು ಯುಟಿಸಿ ಮಧ್ಯರಾತ್ರಿ ಅಂತ ಓದುತ್ತದೆ. ನಮಗೆ ಅದು ಎಂಟರ ಬೆಳಿಗ್ಗೆ ಐದೂವರೆ, ಏನೂ ತೊಂದರೆ ಇಲ್ಲ. ಗೆಳೆಯನಿಗೆ ಏಳರ ಸಂಜೆ ಏಳು ಗಂಟೆ! ಅವನ ರಸೀದಿಯಲ್ಲಿ ತಾರೀಖು ಒಂದು ದಿನ ಹಿಂದೆ ಬರುತ್ತಿದ್ದದ್ದು ಇದಕ್ಕೇ. ಈಗ ಬರಹವನ್ನು ನಾನೇ ಒಡೆದು ಮೂರು ಸಂಖ್ಯೆ ಮಾಡಿಕೊಳ್ಳುತ್ತೇನೆ.

ಹೀಗೆ ಕೆದಕುವಾಗ, ಅತಿಥಿಗೆ 18 ತುಂಬಿದೆಯಾ ಅಂತ ನೋಡುವ ಸಾಲೂ ಕಣ್ಣಿಗೆ ಬಿತ್ತು. ದಿನಗಳನ್ನು ಸುಮ್ನೆ 365ರಿಂದ ಭಾಗಿಸಿದ್ದೆ. 2000ದ ಮಾರ್ಚ್ 1ರಂದು ಹುಟ್ಟಿದವರಿಗೆ ಈ ಲೆಕ್ಕದಲ್ಲಿ 2018ರ ಫೆಬ್ರವರಿ 25ಕ್ಕೇ 18 ಆಗಿಬಿಡುತ್ತದೆ, ನಡುವೆ ಬಂದ ನಾಲ್ಕು ಫೆಬ್ರವರಿ 29ರಿಂದಾಗಿ. ಜಾಣತನ ಮಾಡಿ 365.25 ಹಾಕಿ ನೋಡಿದೆ. ಆಗ ಹುಟ್ಟುಹಬ್ಬದ ದಿನವೂ 17! 6,574 ದಿನ ಆಗಿದೆ, ಅದಕ್ಕೆ ಬೇಕಾದದ್ದು 6,574.5. ವಯಸ್ಸಿಗೆ ಭಾಗಾಕಾರವೇ ಬೇಡ. ವರ್ಷದಿಂದ ವರ್ಷ ಕಳೆದು, ಈ ಸಲದ ಹುಟ್ಟುಹಬ್ಬ ಇನ್ನೂ ಬಂದಿಲ್ಲದಿದ್ದರೆ ಒಂದು ಕಡಿಮೆ ಮಾಡಿದರೆ ಆಯಿತು. ಮನೆಯಲ್ಲಿ ಅಮ್ಮ ಲೆಕ್ಕ ಹಾಕುವುದೂ ಹೀಗೇ.

ಈಗ ಟೆಸ್ಟ್ ಓಡಿಸುವಾಗ ಟೈಮ್‌ಝೋನನ್ನು ಒಮ್ಮೆ ಭಾರತಕ್ಕೆ, ಒಮ್ಮೆ ನ್ಯೂಯಾರ್ಕಿಗೆ ಇಡುತ್ತೇನೆ. 2024ರ ಫೆಬ್ರವರಿ 29, ಮಾರ್ಚ್ 10, ಗಡಿಯಾರ ಮತ್ತೆ ಹಿಂದೆ ತಿರುಗಿಸುವ 25 ಗಂಟೆಯ ನವೆಂಬರ್ 3, ಈ ಮೂರೂ ಅದರಲ್ಲಿ ಕಾಯಂ. ಗೆಳೆಯ ಆ ಒಂದು ರಾತ್ರಿಯ ಬಾಡಿಗೆಯನ್ನು ಅತಿಥಿಗಳ ಹತ್ತಿರ ಮತ್ತೆ ಕೇಳಲಿಲ್ಲ. ಊರಿಗೆ ಬಂದಾಗ ನನ್ನ ಕೈಯಲ್ಲಿ ಊಟ ಕೊಡಿಸಿಕೊಂಡ.