ಉಯಿಲಿಗೆ ಮೊದಲು ನಾಮಿನಿ ಕಾಗದ: ನನ್ನ ಅನುಭವ

ನಾನು ವೃತ್ತಿಯಿಂದ ವಕೀಲ. ಪಾಲುಪಟ್ಟಿ, ಉಯಿಲು, ವಾರಸಾ ದಾವೆಗಳು ನನ್ನ ನಿತ್ಯದ ಕೆಲಸ. ಆದರೂ ನೌಕರಿಯಲ್ಲಿದ್ದವರು ತೀರಿಕೊಂಡಾಗ ಅವರ ಭವಿಷ್ಯನಿಧಿ (ಪಿ.ಎಫ್.), ಗ್ರಾಚ್ಯುಟಿ (ಸೇವೆಗಾಗಿ ಕೊನೆಯಲ್ಲಿ ಕೊಡುವ ಇಡಿಗಂಟು), ಪಿಂಚಣಿಗಳು ಯಾರ ಕೈ ಸೇರುತ್ತವೆ ಎಂಬುದನ್ನು ನಾನು ಆಳವಾಗಿ ಅರಿತದ್ದು ನನ್ನ ಅಣ್ಣನ ಸಾವಿನ ನಂತರ.

ಅಣ್ಣ ಸ್ವಂತ ಕೈಬರಹದಲ್ಲಿ ಬರೆದು, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿಟ್ಟಿದ್ದ ಎರಡು ಹಾಳೆಗಳ ಉಯಿಲು ಬೀರುವಿನಲ್ಲಿ ಸಿಕ್ಕಿತು. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಅದು ಸಿಂಧುವಾಗಿತ್ತು; ನೋಂದಣಿ ಕಡ್ಡಾಯವೇನಲ್ಲ. ಎರಡನೆಯ ಹಾಳೆಯ ಕೊನೆಯಲ್ಲಿ, "ನನ್ನ ಪಿ.ಎಫ್., ಗ್ರಾಚ್ಯುಟಿ ಮತ್ತು ನನ್ನ ನಂತರ ಬರುವ ಪಿಂಚಣಿಯಲ್ಲಿ ಅರ್ಧ ಅಮ್ಮನಿಗೆ, ಅರ್ಧ ಹೆಂಡತಿಗೆ" ಎಂದಿತ್ತು. ಒಂದೇ ಸಾಲಿನಲ್ಲಿದ್ದ ಆ ಮೂರು ಹಣಗಳೂ ಮೂರು ಬೇರೆ ದಾರಿ ಹಿಡಿದವು.

ಮೊದಲನೆಯದು ಪಿ.ಎಫ್. ಹಣ. ಕಚೇರಿಯಿಂದ ತೆಗೆಸಿದ ಹಳೆಯ ನಮೂನೆಯಲ್ಲಿ ನಾಮಿನಿಯ ಜಾಗದಲ್ಲಿ ನನ್ನದೇ ಹೆಸರಿತ್ತು. ಅಣ್ಣ ಕೆಲಸಕ್ಕೆ ಸೇರಿದಾಗ ಅವನಿಗೆ ಮದುವೆಯಾಗಿರಲಿಲ್ಲ, ಅಪ್ಪ ದುಡಿಯುತ್ತಿದ್ದುದರಿಂದ ಅಪ್ಪ ಅಮ್ಮ ಅವನ ಅವಲಂಬಿತರೂ ಆಗಿರಲಿಲ್ಲ. 1952ರ ಭವಿಷ್ಯನಿಧಿ ಯೋಜನೆಯಲ್ಲಿ, ಕುಟುಂಬವಿಲ್ಲದಾಗ ಹೊರಗಿನವರನ್ನು ನಾಮಿನಿ ಮಾಡಬಹುದು. ಆದರೆ ಮುಂದೆ ಕುಟುಂಬವಾದೊಡನೆ ಆ ನಾಮನಿರ್ದೇಶನ ತಾನಾಗಿ ಬಿದ್ದುಹೋಗುತ್ತದೆ. ಯೋಜನೆಯ ಅರ್ಥದಲ್ಲಿ ಒಡಹುಟ್ಟಿದವರು ಕುಟುಂಬಕ್ಕೆ ಸೇರುವುದಿಲ್ಲ. ಮದುವೆಯ ದಿನವೇ ನನ್ನ ಹೆಸರಿಗೆ ಬೆಲೆ ಹೋಗಿತ್ತು, ಅದರ ಜಾಗಕ್ಕೆ ಬೇರೆ ಹೆಸರು ಬಂದಿರಲಿಲ್ಲ.

ಸಿಂಧುವಾದ ನಾಮಿನಿ ಇಲ್ಲದಿದ್ದರೆ ಯೋಜನೆಯು ಹಣವನ್ನು ಕುಟುಂಬದವರಿಗೆ ಸಮನಾಗಿ ಹಂಚುತ್ತದೆ. ಕಚೇರಿಯವರು ಉಯಿಲನ್ನು ತೆರೆದೂ ನೋಡಲಿಲ್ಲ. ಅಪ್ಪ ತೀರಿಹೋದ ಮೇಲೆ ಅಮ್ಮ ಅಣ್ಣನ ಆಶ್ರಯದಲ್ಲಿದ್ದುದರಿಂದ ಅತ್ತಿಗೆ, ಮಗಳು, ಅಮ್ಮ ಮೂವರಿಗೂ ಮೂರನೆಯ ಒಂದು ಭಾಗ ಬಂತು. ಉಯಿಲಿನಂತೆ ಅರ್ಧ ಅರ್ಧ ಮಾಡೋಣವೆಂದು ಅಮ್ಮ ಕೇಳಿದಾಗ, ಅಪ್ರಾಪ್ತ ಮಗುವಿನ ಹೆಸರಿಗೆ ಬಂದ ಪಾಲನ್ನು ದೊಡ್ಡವರು ತಮ್ಮ ಮಾತಿನಲ್ಲೇ ಬಿಟ್ಟುಕೊಡಲಾಗದೆಂದು ನಾನು ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಅದು ಅವಳ ಓದಿಗೇ ಇರಲಿ" ಎಂದರು.

ಗ್ರಾಚ್ಯುಟಿಯ ನಾಮನಿರ್ದೇಶನ ಪ್ರತ್ಯೇಕ. ಅದರಲ್ಲಿ ಅಣ್ಣ ಮದುವೆಯ ನಂತರ ಅತ್ತಿಗೆಯ ಹೆಸರನ್ನು ಬರೆದಿದ್ದ, ಹಣವೆಲ್ಲ ಅವರ ಖಾತೆಗೇ ಬಂತು. ಇಲ್ಲಿ ನಾನು ಹಿಡಿದ ತತ್ವ ಸರ್ವೋಚ್ಚ ನ್ಯಾಯಾಲಯ 2009ರಲ್ಲಿ ಸಾಮಾನ್ಯ ಭವಿಷ್ಯನಿಧಿಯ ಮೊಕದ್ದಮೆಯೊಂದರಲ್ಲಿ ಹೇಳಿದ್ದು. ಮದುವೆಗೆ ಮುಂಚೆ ತಾಯಿಯನ್ನು ನಾಮಿನಿ ಮಾಡಿದ್ದ ನೌಕರನ ವಿಧವೆ ತನ್ನ ಪಾಲು ಕೇಳಿದ್ದರು. ನಾಮಿನಿಗೆ ಹಣ ಪಡೆಯುವ ಅಧಿಕಾರವಿದೆಯೇ ಹೊರತು ಅದರಿಂದಲೇ ಒಡೆತನ ಬರುವುದಿಲ್ಲ, ಹಂಚಿಕೆ ಉತ್ತರಾಧಿಕಾರ ಕಾನೂನಿನಂತೆ ನಡೆಯಬೇಕು ಎಂದು ನ್ಯಾಯಾಲಯ ತೀರ್ಪಿತ್ತಿತು. ಅತ್ತಿಗೆ ವಾದಕ್ಕೆ ನಿಲ್ಲದೆ, ಉಯಿಲಿನಲ್ಲಿದ್ದಂತೆ ಅರ್ಧ ಹಣಕ್ಕೆ ಅಮ್ಮನ ಹೆಸರಿಗೆ ಚೆಕ್ ಬರೆದರು.

ಪಿಂಚಣಿಯ ಮಾತು ಮಾತ್ರ ಕಠಿಣವಾಗಿತ್ತು. 1995ರ ನೌಕರರ ಪಿಂಚಣಿ ಯೋಜನೆಯಲ್ಲಿ ವಿಧವೆಗೂ, 25 ವರ್ಷ ತುಂಬುವವರೆಗೆ ಮಕ್ಕಳಿಗೂ ಪಿಂಚಣಿ ಸಲ್ಲುತ್ತದೆ; ಅವರಿರುವಾಗ ತಾಯಿಗೆ ಇಲ್ಲ. ಈ ಹಣ ಸತ್ತವರ ಆಸ್ತಿಯೇ ಅಲ್ಲ, ಅವರ ಸಾವಿನ ನಂತರವೇ ಹುಟ್ಟುವ ಹಕ್ಕು. ರೈಲ್ವೆ ನೌಕರನೊಬ್ಬನ ಸಹೋದರ ಉಯಿಲು ಹಿಡಿದು ಬಂದ ಪ್ರಕರಣದಲ್ಲಿ, ಕುಟುಂಬ ಪಿಂಚಣಿಯನ್ನು ಉಯಿಲಿನ ಮೂಲಕ ಕೊಡಲಾಗದು ಎಂದು ಸರ್ವೋಚ್ಚ ನ್ಯಾಯಾಲಯ 1991ರಲ್ಲೇ ಹೇಳಿದೆ. ಅಣ್ಣ ಅಮ್ಮನಿಗಾಗಿ ಅಷ್ಟು ಕಾಳಜಿಯಿಂದ ಬರೆದ ಆ ಮಾತು ನಡೆಯುವುದಿಲ್ಲವೆಂದು ಅಮ್ಮನ ಎದುರು ಓದಿ ಹೇಳಬೇಕಾದಾಗ ನನಗೆ ಗಂಟಲು ಕಟ್ಟಿತು.

ಆಮೇಲೆ ನಾನು ಮೊದಲು ಕೈಗೆತ್ತಿಕೊಂಡದ್ದು ನನ್ನ ಹೆಂಡತಿಯ ಕಾಗದಗಳನ್ನು. ಅವಳೂ ನೌಕರಿಯಲ್ಲಿದ್ದಾಳೆ, ವಿಧವೆಯಾದ ಅವಳ ತಾಯಿಗೆ ಅವಳೇ ಆಸರೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಗಂಡಸು ಉಯಿಲಿಲ್ಲದೆ ಸತ್ತರೆ ಅವನ ತಾಯಿ ಹೆಂಡತಿ ಮಕ್ಕಳ ಜೊತೆಗೇ ಮೊದಲ ವರ್ಗದ ವಾರಸುದಾರಳು. ಹೆಂಗಸು ಸತ್ತರೆ ಗಂಡ ಮತ್ತು ಮಕ್ಕಳು ಮೊದಲು, ಅವರಿಲ್ಲದಿದ್ದರೆ ಗಂಡನ ವಾರಸುದಾರರು, ಅವರೂ ಇಲ್ಲದಿದ್ದರೆ ಮಾತ್ರ ಹೆತ್ತವರು. ದುಡಿಯುವ ಮಗಳ ತಾಯಿಗೆ ಇದು ದೊಡ್ಡ ಅನ್ಯಾಯವೆಂದೇ ನನ್ನ ಅಭಿಪ್ರಾಯ, ಮತ್ತು ಅದಕ್ಕೆ ನಮ್ಮ ಕೈಯಲ್ಲಿರುವ ಮದ್ದು ಉಯಿಲೇ. ಅವಲಂಬಿತ ತಾಯಿ ಪಿ.ಎಫ್. ಯೋಜನೆಯ ಕುಟುಂಬದೊಳಗೇ ಬರುವುದರಿಂದ ಅವರಿಗೆ ನೂರಕ್ಕೆ 40, ಮಗನಿಗೆ 60 ಎಂದು ನಾಮನಿರ್ದೇಶನ ಮಾಡಿಸಿದೆವು. ಗ್ರಾಚ್ಯುಟಿಯ ನಮೂನೆಯಲ್ಲೂ ಅದೇ ಪಾಲು ಬರೆದೆವು. ಹಣ ಪಡೆದವರು ಮತ್ತು ಒಡೆಯರು ಬೇರೆಯಾಗದಿರಲೆಂದು ಉಯಿಲಿನಲ್ಲೂ ಅದೇ ಅಂಕಿಗಳನ್ನು ಹಾಕಿದೆ. ಪಿಂಚಣಿಯ ಮಾತನ್ನು ಉಯಿಲಿನಲ್ಲಿ ಎತ್ತಲಿಲ್ಲ.

ಆನ್‌ಲೈನಿನಲ್ಲಿ ಅವಳು ವರ್ಷದ ಹಿಂದೆಯೇ ಹೆಸರುಗಳನ್ನು ತುಂಬಿದ್ದಳಂತೆ, ಆದರೆ ಆಧಾರ್ ಮೂಲಕ ಇ-ಸಹಿ ಮಾಡದೆ ಬಿಟ್ಟಿದ್ದರಿಂದ ಅದು ಅಪೂರ್ಣವಾಗಿಯೇ ಉಳಿದಿತ್ತು. ಫೋನಿಗೆ ಬಂದ ಒ.ಟಿ.ಪಿ. ಹಾಕಿ ಸಹಿ ಮುಗಿಸಿ, ಮುದ್ರಿಸಿದ ಪ್ರತಿಯನ್ನು ಎದುರಿಗಿಟ್ಟುಕೊಂಡ ಮೇಲೆಯೇ ಇಬ್ಬರು ಸಾಕ್ಷಿಗಳನ್ನು ಕರೆದು ಉಯಿಲಿಗೆ ಸಹಿ ಮಾಡಿಸಿದೆ. ಈಗ ಉಯಿಲು ಬರೆಸಲು ಬರುವ ನೌಕರಿಯವರಿಂದಲೂ ನಾನು ಆಸ್ತಿಯ ಪಟ್ಟಿಗಿಂತ ಮುಂಚೆ ಆ ಮುದ್ರಿತ ಪ್ರತಿಯನ್ನೇ ಕೇಳುತ್ತೇನೆ.